ದೇವರ ತಟ್ಟೆ

ಹುಳು ಸೊಪ್ಪು ಮೇಯುವ ಸದ್ದು ಹೊಂಬಾಳೆಕಟ್ಟೆಯ ಜನಕ್ಕೆ ತಮ್ಮ ಉಸಿರಿನ ಸದ್ದಿನಷ್ಟೇ ಬಳಕೆಯದು. ಹೆಂಚಿನ ಮೇಲೆ ಸಣ್ಣ ಮಳೆ ಹಿಡಿದ ಹಾಗೆ ಅದು ಪ್ರತಿಯೊಂದು ಹುಳುಮನೆಯಿಂದಲೂ ಕೇಳುತ್ತಲೇ ಇರುತ್ತದೆ. ಕೇಳುತ್ತಿದೆ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ಆ ಮಂಗಳವಾರ ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಊರಿನ ಎಂಬತ್ತು ಮನೆಗಳಲ್ಲಿಯೂ ಅದು ಒಂದೇ ಸಲಕ್ಕೆ ನಿಂತಿತು. ಆಗ ಎಲ್ಲರಿಗೂ ಕೇಳಿಸಿತು.

ಜಗಲಿಯ ಮೇಲೆ ಕುಳಿತು ಜಪ ಮಾಡುತ್ತಿದ್ದ ಮರಿಗಂಗಯ್ಯನವರ ಬೆರಳು ಮಣಿಯ ಮೇಲೆ ತಡೆಯಿತು. ಎದ್ದು ಒಳಗೆ ಹೋಗಿ ಸ್ಟ್ಯಾಂಡಿನ ಮೇಲಿದ್ದ ತಟ್ಟೆಗಳ ಮೇಲೆ ಮೆಲ್ಲಗೆ ಕೈಯಾಡಿಸಿದರು. ಸಾವಿರಾರು ಹುಳುಗಳು ಎಲೆಯ ಮೇಲೆ ತಲೆಯೆತ್ತಿ ಕಲ್ಲಿನಂತೆ ಕುಳಿತಿದ್ದವು. ಒಂದಾದರೂ ಅಲುಗಲಿಲ್ಲ.

"ನೋಡ್ದ್ರಾ ಗಂಗಣ್ಣ?" ಎಂದು ಎದುರು ಮನೆಯ ಅಮೀರ್‌ಜಾನ್ ಬೀದಿಯಿಂದಲೇ ಕೂಗಿದ. "ನಾಲ್ಕೂ ಹತ್ತು. ನಿನ್ನೇನೇ ಹೇಳಿದ್ನಲ್ಲ. ಇನ್ಮೇಲೆ ಗೋಡೆ ಗಡಿಯಾರಕ್ಕೆ ಸೆಲ್ ಹಾಕ್ಸೋದೇ ಬೇಡ."

ರೇಷ್ಮೆಯ ಹುಳು ತನ್ನ ಆಯುಸ್ಸಿನಲ್ಲಿ ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ಪೊರೆ ಬಿಡುವ ಮುನ್ನ ಮೇವು ನಿಲ್ಲಿಸಿ ಒಂದು ದಿನ ಹೀಗೆ ತಲೆಯೆತ್ತಿ ಮಲಗುತ್ತದೆ. ಜನ ಅದನ್ನು ಜ್ವರ ಎನ್ನುತ್ತಾರೆ. ಮೊದಲು ಒಂದು ತಟ್ಟೆಯಲ್ಲಿಯೇ ಕೆಲವು ಬೆಳಿಗ್ಗೆ ಮಲಗಿದರೆ ಕೆಲವು ಸಂಜೆಗೆ ಮಲಗುತ್ತಿದ್ದವು, ಒಂದೆರಡು ಸೋಮಾರಿಗಳು ಮರುದಿನಕ್ಕೆ. ಅವಕ್ಕಾಗಿ ಕಾಯುವುದರಲ್ಲಿ ಹೆಂಗಸರಿಗೆ ಸಾಕುಸಾಕಾಗುತ್ತಿತ್ತು. ಈಗ ಮೂರು ವರ್ಷದಿಂದ ಕಾಯುವ ಕೆಲಸವಿಲ್ಲ. ಮದುವೆಗೆ ಹೋಗುವವರು ಹುಳು ಮಲಗುವ ಗಳಿಗೆ ಕೇಳಿಕೊಂಡು ಬಸ್ಸು ಹತ್ತುತ್ತಾರೆ. ಗೂಡೂ ಹಾಗೆಯೇ. ಸಾವಿರ ಗೂಡು ತೂಗಿದರೂ ಒಂದರ ತೂಕ ಇನ್ನೊಂದಕ್ಕೆ ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಿಲ್ಲ.

ಏಕೆಂದರೆ ಆ ಹುಳುಗಳೆಲ್ಲವೂ ಒಂದೇ ತಾಯಿಯ ಮಕ್ಕಳು. ತಂದೆ ಯಾರಿಗೂ ಇಲ್ಲ.

"ಯಾಕೆ ಹಂಗೆ ನಿಂತ್ರಿ?" ಎಂದು ಅಮೀರ್‌ಜಾನ್ ಒಳಗೆ ಬಂದ.

"ಹುಟ್ಟಿದ ಪ್ರಾಣಿಗಳು ಹಿಂಗೆ ಮಾಡಲ್ಲ ಕಣೋ ಅಮೀರ," ಎಂದರು ಮರಿಗಂಗಯ್ಯನವರು. "ಅಚ್ಚು ಹಾಕಿದವು ಮಾಡ್ತವೆ."

*

ಮರಿಗಂಗಯ್ಯನವರು ಮೂವತ್ತೆಂಟು ವರ್ಷ ಹೊಂಬಾಳೆಕಟ್ಟೆಯ ಬಿತ್ತನೆ ಕೋಠಿಯಲ್ಲಿ ತಾಯಿ ಪರೀಕ್ಷೆಯ ಕೆಲಸ ಮಾಡಿದವರು. ರೈತರಿಗೆ ಕೊಡುವ ಮೊಟ್ಟೆ ತಯಾರಾಗುವ ಜಾಗವೇ ಬಿತ್ತನೆ ಕೋಠಿ. ಗೂಡಿನಿಂದ ಹೊರಬಿದ್ದ ಗಂಡು ಹೆಣ್ಣು ಚಿಟ್ಟೆಗಳನ್ನು ಬೆಳಿಗ್ಗೆ ಜೋಡಿ ಮಾಡುವುದು ಅಮೀರ್‌ಜಾನನ ಕೆಲಸ. ಮಧ್ಯಾಹ್ನ ಜೋಡಿ ಬಿಡಿಸಿ, ಹೆಣ್ಣನ್ನು ಹಾಳೆಯ ಮೇಲೆ ಒಂದೊಂದು ಬಟ್ಟಲಿನ ಕೆಳಗೆ ಮುಚ್ಚುತ್ತಿದ್ದರು. ರಾತ್ರಿ ಕಳೆಯುವುದರೊಳಗೆ ಅದು ನಾನೂರು ಮೊಟ್ಟೆಯಿಡುತ್ತಿತ್ತು. ಮರುದಿನ ಆ ತಾಯಿ ಮರಿಗಂಗಯ್ಯನವರ ಮೇಜಿಗೆ ಬರುತ್ತಿತ್ತು. ಅದನ್ನು ಚಿಕ್ಕ ಒರಳಿನಲ್ಲಿ ಒಂದು ಹನಿ ನೀರಿನೊಡನೆ ಅರೆದು, ಗಾಜಿನ ಮೇಲೆ ಹಚ್ಚಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಬೇಕು. ಗಂಟುರೋಗದ ಕಣ ಇದ್ದರೆ ಅಕ್ಕಿಕಾಳಿನಂತೆ ಹೊಳೆಯುತ್ತದೆ. ಆ ರೋಗ ತಾಯಿಯ ಹೊಟ್ಟೆಯಿಂದಲೇ ಮೊಟ್ಟೆಗೆ ಇಳಿಯುವಂಥದು. ಕಂಡರೆ ನಾನೂರು ಮೊಟ್ಟೆಯನ್ನೂ ಸುಡಬೇಕು.

ಅರೆಯುವ ಮುನ್ನ ಅವರು ಪ್ರತಿ ಚಿಟ್ಟೆಗೂ "ತಪ್ಪಾಯ್ತು ತಾಯಿ" ಎನ್ನುತ್ತಿದ್ದರು. ದಿನಕ್ಕೆ ಮುನ್ನೂರು ಚಿಟ್ಟೆ, ಮುನ್ನೂರು ತಪ್ಪೊಪ್ಪಿಗೆ. ಅಧಿಕಾರಿಗಳು ನಕ್ಕರೂ ಅವರು ಬಿಡಲಿಲ್ಲ.

ವರ್ಷಕ್ಕೊಮ್ಮೆ ಹೈಸ್ಕೂಲಿನ ಮಕ್ಕಳು ನೋಡಲು ಬರುತ್ತಿದ್ದರು. ಜೋಡಿಯಾದ ಚಿಟ್ಟೆಗಳ ತಟ್ಟೆಯ ಮುಂದೆ ಜೀವಶಾಸ್ತ್ರದ ಮೇಷ್ಟ್ರು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. "ನೋಡ್ರಪ್ಪ, ನೋಡ್ರಮ್ಮ, ಪರೀಕ್ಷೇಲಿ ಬರೋದು ಇದೇ. ಮೇಷ್ಟ್ರು ನಾಚ್ಕೊಂಡ್ರೆ ನೀವು ಫೇಲಾಗ್ತೀರ," ಎಂದು ಅಮೀರ್‌ಜಾನ್ ನಗಿಸುತ್ತಿದ್ದ. ಪಾಠ ಹೇಳುವ ಕೆಲಸ ಮರಿಗಂಗಯ್ಯನವರ ಪಾಲಿಗೆ ಬರುತ್ತಿತ್ತು.

"ಈ ಹುಳುವಿನ ಮೈಯ ಒಂದೊಂದು ಕೋಶದಲ್ಲೂ ಐವತ್ತಾರು ವರ್ಣತಂತುಗಳಿವೆ," ಎಂದು ಅವರು ಹೇಳುತ್ತಿದ್ದರು. "ಅದರ ರೂಪ, ಗುಣ, ಬಲ ಎಲ್ಲಾ ಅದರಲ್ಲಿ ಬರೆದಿದೆ. ಆದರೆ ಮೊಟ್ಟೆಯೊಳಗಿನ ಕಣ ಅರ್ಧ ಬಿಟ್ಟುಕೊಡುತ್ತೆ, ಇಪ್ಪತ್ತೆಂಟು ಉಳಿಸಿಕೊಳ್ಳುತ್ತೆ. ಗಂಡಿನ ಕಣವೂ ಇಪ್ಪತ್ತೆಂಟನ್ನೇ ತರುತ್ತೆ. ಎರಡೂ ಕೂಡಿದರೆ ಮತ್ತೆ ಐವತ್ತಾರು. ಯಾವ ಅರ್ಧ ಉಳಿಯುತ್ತೆ, ಯಾವ ಅರ್ಧ ಹೋಗುತ್ತೆ ಅನ್ನೋದು ಒಂದೊಂದು ಮೊಟ್ಟೆಯಲ್ಲೂ ಬೇರೆ. ಅದಕ್ಕೇ ಒಂದೇ ತಾಯಿಯ ನಾನೂರು ಮಕ್ಕಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲ. ನೀವೂ ನಿಮ್ಮ ತಂಗಿಯೂ ಒಂದೇ ಥರ ಇದ್ದೀರಾ?"

"ಇಲ್ಲ ಸಾರ್, ಅವಳು ಕಳ್ಳಿ!" ಎಂದು ಯಾರೋ ಕೂಗುತ್ತಿದ್ದರು.

ಹೀಗಿದ್ದ ಕೋಠಿಗೆ ಡಾಕ್ಟರ್ ನಳಿನಾಕ್ಷಿ ಬಂದರು. ಆಕೆ ಕೆಟ್ಟವರಲ್ಲ. ಚಿಕ್ಕ ವಯಸ್ಸಿನ, ಹಟದ ವಿಜ್ಞಾನಿ. ಹೋದ ಹೋದ ಊರುಗಳಲ್ಲಿ ಹೆಂಗಸರು ಹುಳುಮನೆಯಲ್ಲಿ ನಿದ್ದೆಗೆಡುವುದನ್ನು ಕಂಡು ಮರುಗಿದವರು. ಲಕ್ಷ ಗೂಡುಗಳಲ್ಲಿ ಹುಡುಕಿ, ಯಾರೂ ಕಂಡಿರದಷ್ಟು ಉದ್ದದ ನೂಲು ಸುತ್ತಿದ ಒಂದು ಮೈಸೂರು ತಳಿಯ ಹೆಣ್ಣನ್ನು ಅವರು ಆರಿಸಿದರು. ಗಂಡಿನ ಸಂಗಡ ಬಿಡದೆ ಅದರ ಹೊಟ್ಟೆಯಿಂದ ಮೊಟ್ಟೆಗಳನ್ನು ಬಿಡಿಸಿದರು. ಅವನ್ನು ನಲವತ್ತಾರು ಡಿಗ್ರಿ ಬಿಸಿಯ ನೀರಿನಲ್ಲಿ ಹದಿನೆಂಟು ನಿಮಿಷ ಅದ್ದಿದರು.

"ಬಿಸಿ ತಗಲಿದಾಗ ಮೊಟ್ಟೆ ತನ್ನ ಅರ್ಧ ಬಿಟ್ಟುಕೊಡೋದನ್ನ ಮರೆತುಬಿಡುತ್ತೆ ಗಂಗಯ್ಯನವರೇ," ಎಂದು ಆಕೆ ಉತ್ಸಾಹದಿಂದ ವಿವರಿಸಿದ್ದರು. "ಐವತ್ತಾರೂ ಒಳಗೇ ಉಳಿಯುತ್ತೆ. ಗಂಡು ಬೇಕಾಗಲ್ಲ. ತಾನೇ ಬೆಳೆಯುತ್ತೆ. ಹುಟ್ಟಿದ ಮಗಳು ತಾಯಿಯ ಪಡಿಯಚ್ಚು. ಆ ಮಗಳ ಮಗಳೂ ಅಷ್ಟೇ. ಬಾಳೆಯ ಕಂದು ತೆಗೆದು ನೆಡಲ್ವಾ, ದಾಸವಾಳದ ಕಡ್ಡಿ ನೆಡಲ್ವಾ, ಹಾಗೆ."

"ಬಾಳೆಗೆ ಬೇರಿನ ರೋಗ ಬಂದ್ರೆ ತೋಟಕ್ಕೆ ತೋಟಾನೇ ಹೋಗುತ್ತಲ್ಲಮ್ಮ."

"ತಾಯಿಗೆ ರೋಗವಿಲ್ಲ ಅಂತ ನೀವೇ ಪರೀಕ್ಷೆ ಮಾಡಿ ರುಜು ಹಾಕಿದ್ದೀರಲ್ಲ," ಎಂದು ಆಕೆ ನಕ್ಕರು.

ಅದು ನಿಜ. ಹತ್ತು ಸಲ ನೋಡಿ ರುಜು ಹಾಕಿದವರು ಅವರೇ. ಒಂದು ರುಜು, ಕೋಟಿ ಹುಳು. ಆ ಮೇಲೆ ಪರೀಕ್ಷೆಗೆ ತಾಯಂದಿರೇ ಬರಲಿಲ್ಲ. ಸೂಕ್ಷ್ಮದರ್ಶಕದ ಕೋಣೆಗೆ ಬೀಗ ಬಿತ್ತು. ಅಮೀರ್‌ಜಾನನಿಗೂ ಕೆಲಸ ಹೋಯಿತು. "ನಂದು ಮದ್ವೆ ದಲ್ಲಾಳಿ ಕಸುಬು. ಹೆಣ್ಣಿಗೆ ಗಂಡೇ ಬೇಡ ಅಂದ್ಮೇಲೆ ದಲ್ಲಾಳಿಗೆ ಚಾ ಕೊಡೋರ್ಯಾರು?" ಎಂದು ಅವನು ಬೀಗದ ಕೈ ಒಪ್ಪಿಸಿ ಬಂದ.

ಜನ ಆ ಬಿತ್ತನೆಯನ್ನು ಒಂಟಿತಾಯಿ ಎಂದು ಕರೆದರು. ಬೇರೆ ಸೀಮೆಯವರೂ ತಮ್ಮ ತಮ್ಮ ತಳಿಯಲ್ಲಿ ಒಂದೊಂದು ಒಂಟಿತಾಯಿಯನ್ನು ಮಾಡಿಕೊಂಡರು. ಎರಡನೆಯ ವರ್ಷ ಬಿತ್ತನೆ ಮಂಡಳಿ ಆಜ್ಞೆ ಹೊರಡಿಸಿತು: ಗಂಡು ಹುಟ್ಟುವ ಯಾವ ಹಳೆಯ ತಳಿಯನ್ನೂ ಯಾರೂ ಸಾಕಕೂಡದು. ಒಂದು ಗಂಡು ಚಿಟ್ಟೆ ತಪ್ಪಿಸಿಕೊಂಡು ಒಂಟಿತಾಯಿಯ ಮಗಳೊಡನೆ ಕೂಡಿದರೂ ಬೆರಕೆ ಹುಟ್ಟಿ ನೂಲು ಕೆಡುತ್ತದೆ. ಕೋಠಿಯ ಹಿತ್ತಲಲ್ಲಿ ಹಳೆಯ ತಳಿಗಳನ್ನು ಮಂಕರಿಗಟ್ಟಲೆ ಸುಟ್ಟರು. ಹೊಗೆ ಎರಡು ದಿನ ಇತ್ತು.

*

ಆ ಆಜ್ಞೆಯನ್ನು ಮೀರಿದ್ದು ಊರಿಗೆಲ್ಲ ಒಂದೇ ಮನೆ. ಅದು ಮರಿಗಂಗಯ್ಯನವರದು. ಮೀರಿದ್ದು ಅವರ ಹೆಂಡತಿ ಹೊನ್ನಕ್ಕ.

ಗೂಡಿನೊಳಗಿನ ಜೀವವನ್ನು ಕುದಿಯುವ ನೀರಿನಲ್ಲಿ ಕೊಂದೇ ನೂಲು ತೆಗೆಯಬೇಕು. ಆ ಪಾಪಕ್ಕೆ ಪರಿಹಾರವೆಂದು ಹಿಂದೆ ಈ ಸೀಮೆಯ ಮನೆಮನೆಯಲ್ಲಿಯೂ ಒಂದು ಬಿದಿರಿನ ತಟ್ಟೆಯನ್ನು ಮನೆದೇವರ ಹೆಸರಿಗೆ ಬಿಡುತ್ತಿದ್ದರು. ಅದರ ಗೂಡನ್ನು ಮಾರುವಂತಿಲ್ಲ, ಕುದಿಸುವಂತಿಲ್ಲ. ಚಿಟ್ಟೆಯಾಗಿ ಹೊರಬಂದು, ಕೂಡಿ, ಮೊಟ್ಟೆಯಿಟ್ಟು ತಾವಾಗಿ ಸಾಯಬೇಕು. ಆ ಮೊಟ್ಟೆಯಿಂದ ಮುಂದಿನ ದೇವರ ತಟ್ಟೆ. ಹೊನ್ನಕ್ಕ ಅತ್ತೆಯಿಂದ ಪಡೆದದ್ದನ್ನು ನಲವತ್ತು ವರ್ಷ ಕಾಪಾಡಿದ್ದಳು. ಮಂಡಳಿಯವರು ಬಂದಾಗ ಆಕೆ ತಟ್ಟೆಯನ್ನು ರಂಗನಾಥನ ಪಟದ ಹಿಂದೆ, ಅಕ್ಕಿ ವಾಡೆಯ ಮರೆಗೆ ಸರಿಸಿ ಸೆರಗು ಹೊದ್ದು ನಿಂತಳು. "ಹುಡುಕ್ರಪ್ಪ," ಎಂದಳು. ಅವರು ದೇವರ ಮನೆಯೊಳಗೆ ಕಾಲಿಡಲಿಲ್ಲ.

ಹೊನ್ನಕ್ಕ ಹೋಗಿ ಒಂದು ವರ್ಷವಾಗಿತ್ತು. ಎರಡು ದಿನದ ಜ್ವರ, ಮೂರನೆಯ ದಿನ ಇಲ್ಲ. ಮರಿಗಂಗಯ್ಯನವರು ಅತ್ತದ್ದನ್ನು ಯಾರೂ ನೋಡಲಿಲ್ಲ. ಆದರೆ ದಿನವೂ ಬೆಳಿಗ್ಗೆ ಮಿಂದು, ದೇವರ ತಟ್ಟೆಗೆ ಎಳೆಯ ಸೊಪ್ಪು ಹಾಕಿ, ಆ ಮೇಯುವ ಸದ್ದನ್ನು ಕಣ್ಣು ಮುಚ್ಚಿ ಕೇಳುತ್ತಿದ್ದರು. ಹೆಂಡತಿಯ ಪಟವನ್ನು ನೋಡುವ ಧೈರ್ಯ ಅವರಿಗಿರಲಿಲ್ಲ. ಆ ಸದ್ದು ಮಾತ್ರ ಅವರಿಗೆ ಆಕೆಯದಾಗಿತ್ತು. ಉಳಿದಂತೆ ತಟ್ಟೆ ನೋಡಿಕೊಳ್ಳುವವಳು ಸೊಸೆ ಇಂದ್ರಾಣಿ. ಮರಿಗಂಗಯ್ಯನವರ ಎರಡು ಕಣ್ಣಿಗೂ ಪೊರೆ ಬಂದು, ಹುಳು ಹುಳುವಾಗಿ ಕಾಣದೆ ಬಿಳಿಯ ಮಬ್ಬಾಗಿ ಕಾಣುತ್ತಿತ್ತು.

ವರ್ಷದ ತಿಥಿಗೆಂದು ಅವರು ಮಗನ ಜೊತೆ ಹೊಳೆಯ ದಡಕ್ಕೆ ಮೂರು ದಿನ ಹೋಗಿ ಬಂದಿದ್ದರು. ಬಂದ ಮೇಲೆ ತಟ್ಟೆಯ ಹುಳು ಎಂದಿಗಿಂತ ಸಮನಾಗಿ, ದುಂಡಗೆ ಬೆಳೆಯುತ್ತಿರುವಂತೆ ಅವರ ಬೆರಳಿಗೆ ತೋರಿತು. "ನಿಮ್ಮತ್ತೆಗೆ ತೃಪ್ತಿಯಾಗೈತೆ ಕಣವ್ವ," ಎಂದರು. ಇಂದ್ರಾಣಿ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಹೊರಗೆ ಹೋದಳು.

*

ಆ ಮಂಗಳವಾರ ಮಲಗಿದ್ದು ಊರಿನ ಹುಳುಗಳ ನಾಲ್ಕನೆಯ ಜ್ವರ. ಬುಧವಾರ ಸಂಜೆ ಪೊರೆ ಬಿಟ್ಟು ಏಳಬೇಕು, ಎದ್ದು ಏಳು ದಿನ ಹಸಿದ ದನದಂತೆ ಮೇಯಬೇಕು. ಬುಧವಾರ ಸಂಜೆ ಎದ್ದವು. ಮೇಯಲಿಲ್ಲ.

ಗುರುವಾರ ಬೆಳಿಗ್ಗೆ ಹುಳುಗಳ ಮೈ ಸಡಿಲವಾಯಿತು. ಮುಟ್ಟಿದರೆ ಒದ್ದೆ ಬತ್ತಿಯಂತೆ ಬಾಗುತ್ತಿದ್ದವು. ಮಧ್ಯಾಹ್ನಕ್ಕೆ ಕಪ್ಪಾದವು. ಇದು ಮೊದಲೂ ಇದ್ದ ಸಪ್ಪೆರೋಗವೇ. ಪ್ರತಿ ಬೆಳೆಯಲ್ಲಿಯೂ ನೂರಕ್ಕೆ ಮೂರೋ ನಾಲ್ಕೋ ಹುಳು ಅದರಿಂದ ಸಾಯುತ್ತಿದ್ದವು. ಹೆಂಗಸರು ಆರಿಸಿ ಬೂದಿಗೆ ಹಾಕಿ ಉಳಿದವಕ್ಕೆ ಸೊಪ್ಪು ಕೊಡುತ್ತಿದ್ದರು. ಈಗ ಆರಿಸುವುದೇನು? ಮಡಿಯಲ್ಲಿ ಬೇರೆಯಾಗಿದ್ದ ಆ ದೇವರ ತಟ್ಟೆಯೊಂದನ್ನು ಬಿಟ್ಟರೆ ಎಂಬತ್ತು ಮನೆಗಳಲ್ಲಿ ಒಂದು ಹುಳುವೂ ಉಳಿಯಲಿಲ್ಲ. ನಾಲ್ಕು ತಾಲ್ಲೂಕಿನಿಂದ ಅದೇ ಸುದ್ದಿ ಬಂತು, ಅದೂ ಅದೇ ಗಳಿಗೆಗೆ. ಊರ ತುಂಬ ಹುಳಿ ವಾಸನೆ ಹಬ್ಬಿತು. ಜನ ಹಳ್ಳ ತೋಡಿ ತಟ್ಟೆ ಸಮೇತ ಸುರಿದು ಸುಣ್ಣ ಹಾಕಿದರು. ಹೆಚ್ಚು ಮಾತಿಲ್ಲ. ಗಲಾಟೆಯ ಊರು ಹಾಗೆ ಸುಮ್ಮನಿದ್ದುದನ್ನು ಮರಿಗಂಗಯ್ಯನವರು ತಮ್ಮ ಆಯುಸ್ಸಿನಲ್ಲಿ ಕಂಡಿರಲಿಲ್ಲ.

ಅವರು ಕೋಲೂರಿಕೊಂಡು ಕೋಠಿಗೆ ಹೋದರು. ನಳಿನಾಕ್ಷಿ ಪ್ರಯೋಗಶಾಲೆಯ ನೆಲದ ಮೇಲೆ ಕುಳಿತಿದ್ದರು. ಮೂರು ದಿನದಿಂದ ತಲೆ ಬಾಚಿದಂತೆ ಕಾಣಲಿಲ್ಲ.

"ಅದೇ ಹಳೇ ರೋಗಾಣು ಗಂಗಯ್ಯನವರೇ. ಹೊಸದೇನಲ್ಲ," ಎಂದರು ಆಕೆ. "ನೂರರಲ್ಲಿ ನಾಲ್ಕಕ್ಕೆ ಅದನ್ನ ತಡೆಯೋ ಶಕ್ತಿ ಹುಟ್ಟಿನಿಂದಲೇ ಇರಲ್ಲ. ನಾನು ಆರಿಸಿದ ತಾಯಿ ಆ ನಾಲ್ಕರಲ್ಲಿ ಒಂದು. ಅದಕ್ಕಾಗಲಿ, ಈ ಮೂರು ವರ್ಷ ಅದರ ಮಕ್ಕಳಿಗಾಗಲಿ ಆ ರೋಗ ತಗಲಿರಲಿಲ್ಲ, ಅಷ್ಟೆ. ನೂಲಿನ ಉದ್ದ ನೋಡಿದೆ. ಇದನ್ನ ನೋಡಲಿಲ್ಲ. ನೂರಕ್ಕೆ ನೂರನ್ನೂ ಆ ನಾಲ್ಕನ್ನಾಗಿ ಮಾಡಿಬಿಟ್ಟೆ."

"ರುಜು ಹಾಕಿದ್ದು ನಾನಮ್ಮ."

"ನೀವು ಹುಡುಕಿದ್ದು ಗಂಟುರೋಗ. ಅದು ಇರಲಿಲ್ಲ." ಆಕೆ ಮುಖ ಒರೆಸಿಕೊಂಡರು. "ಗಂಡು ಹುಟ್ಟೋ ತಳಿ ಎಲ್ಲಾದರೂ ಇದೆಯಾ ಅಂತ ಎಲ್ಲಾ ಕಡೆ ಫೋನ್ ಮಾಡಿದೆ. ಎಲ್ಲೂ ಇಲ್ಲ. ತಳಿ ಕಾಯೋ ಭಂಡಾರದವರೂ ಒಂಟಿತಾಯಿ ಮಾಡಿಟ್ಟು ಹಳೇದನ್ನ ಬಿಟ್ಟಿದ್ದಾರೆ. ಒಂದೇ ಒಂದು ಗಂಡು ಸಿಕ್ಕಿದರೂ ಸಾಕಾಗಿತ್ತು. ಈ ಗಾಜಿನ ಪೆಟ್ಟಿಗೆಯೊಳಗೆ ರೋಗ ತಗಲದ ಇನ್ನೂರು ಒಂಟಿತಾಯಿ ಹುಳು ಇವೆ, ಮರಿ ಹುಳು ಮಾರೋ ಕೇಂದ್ರಕ್ಕೆ ಕೊಟ್ಟ ಕಡೇ ತಂಡದವು, ಮೂರನೇ ಜ್ವರಕ್ಕೆ ಹತ್ತಿರವಾಗಿವೆ. ಇವು ಚಿಟ್ಟೆಯಾದಾಗ ಒಂದು ಗಂಡಿನ ಸಂಗಡ ಬಿಟ್ಟರೆ ಮಕ್ಕಳಲ್ಲಿ ಒಂದೊಂದೂ ಬೇರೆ ಥರ. ಕೆಲವು ಸಾಯ್ತವೆ, ಕೆಲವು ಬದುಕ್ತವೆ. ಬದುಕಿದವುಗಳಿಂದ ಮುಂದೆ..."

ಮರಿಗಂಗಯ್ಯನವರು ಕೋಲನ್ನು ಗೋಡೆಗೆ ಒರಗಿಸಿದರು. ಆಮೇಲೆ ಹೇಳಿದರು: "ನಮ್ಮ ಮನೇಲಿ ದೇವರ ತಟ್ಟೆ ಐತಮ್ಮ. ಮೂವತ್ತೆಂಟು ವರ್ಷ ಸರ್ಕಾರದ ಅನ್ನ ತಿಂದು ಈ ಒಂದು ಸುಳ್ಳು ಮುಚ್ಚಿಟ್ಟಿದ್ದೆ."

ಆಕೆ ಎದ್ದು ಬಂದು ಆ ಮುದುಕರ ಕಾಲು ಮುಟ್ಟಿದರು.

ಸುದ್ದಿ ಅವರಿಗಿಂತ ಮುಂಚೆ ಊರು ತಲುಪಿತು. ಜೀಪು ಮನೆಯ ಮುಂದೆ ನಿಲ್ಲುವಾಗ ಬೀದಿ ತುಂಬ ಜನ. ಯಾರೋ ಆರತಿ ತಟ್ಟೆಯನ್ನೇ ಹಿಡಿದು ನಿಂತಿದ್ದರು. "ಹೊನ್ನಕ್ಕ ಊರು ಉಳಿಸ್ಬಿಟ್ಲು," ಎಂದು ಹೆಂಗಸರು ಕಣ್ಣೊರೆಸಿಕೊಂಡರು. ಅಮೀರ್‌ಜಾನ್ ಹೊಸ ಅಂಗಿ ಹಾಕಿಕೊಂಡು ಬಂದಿದ್ದ. "ನಾನೂ ಬತ್ತೀನಿ ಗಂಗಣ್ಣ. ಮದ್ವೆ ಮಾಡ್ಸೋಕೆ ಅನುಭವಸ್ಥ ಬೇಕಲ್ಲ!"

ಇಂದ್ರಾಣಿ ದೇವರ ಮನೆಯ ಹೊಸ್ತಿಲಲ್ಲಿ ಅಡ್ಡ ನಿಂತಿದ್ದಳು.

"ಮಾವ, ಇದನ್ನ ತಗೊಂಡೋಗ್ಬೇಡಿ."

"ಯಾಕವ್ವ? ದೇವರ ಪಾಲು ಊರಿಗೆ ಆದ್ರೆ ದೇವರಿಗೆ ಬ್ಯಾಸರ ಇಲ್ಲ."

"ಅದಲ್ಲ ಮಾವ..." ಅವಳು ಹೊರಗೆ ನಿಂತ ಜನವನ್ನು ನೋಡಿದಳು. ಆರತಿಯ ತಟ್ಟೆಯನ್ನು ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದಳು. ಆದರೆ ತಟ್ಟೆಯನ್ನು ತಾನೇ ಮಡಿಲಲ್ಲಿಟ್ಟುಕೊಂಡು ಜೀಪಿನಲ್ಲಿ ಕುಳಿತಳು, ಯಾರ ಕೈಗೂ ಕೊಡಲಿಲ್ಲ.

*

ಪ್ರಯೋಗಶಾಲೆಯಲ್ಲಿ ದೇವರ ತಟ್ಟೆಯನ್ನು ಗಾಜಿನ ಪೆಟ್ಟಿಗೆಯ ಮಗ್ಗುಲಲ್ಲಿ ಮೇಜಿನ ಮೇಲಿಟ್ಟರು. ಎರಡೂ ಕಡೆ ಹುಳುಗಳು ಮೇಯುತ್ತಿದ್ದವು. ಆ ಸದ್ದಿನಿಂದ ಕೋಣೆಗೆ ಜೀವ ಬಂದಂತಾಯಿತು. ನಳಿನಾಕ್ಷಿ ಗಂಡುಹೆಣ್ಣುಗಳನ್ನು ಹೇಗೆ ಬೇರೆ ಮಾಡಬೇಕೆಂದು ಬರೆದುಕೊಳ್ಳುತ್ತಿದ್ದರು. ಅಮೀರ್‌ಜಾನ್ ಹಳೆಯ ಬಟ್ಟಲುಗಳ ಧೂಳು ಒರೆಸುತ್ತ, "ಗಂಡು ಕಡೆಯೋರು ದೊಡ್ಡ ಮನೆತನ, ದೇವರ ಪೈಕಿ," ಎಂದು ತಮಾಷೆ ಮಾಡುತ್ತಿದ್ದ. ಮರಿಗಂಗಯ್ಯನವರು ಎಂದಿನಂತೆ ಕಣ್ಣು ಮುಚ್ಚಿ ಕೇಳುತ್ತ ಕುಳಿತಿದ್ದರು.

ಹನ್ನೊಂದು ಗಂಟೆಗೆ ಐದು ನಿಮಿಷವಿರುವಾಗ ಗಾಜಿನ ಪೆಟ್ಟಿಗೆಯ ಸದ್ದು ನಿಂತಿತು. ಇನ್ನೂರು ಒಂಟಿತಾಯಿ ಹುಳುಗಳು ತಲೆಯೆತ್ತಿದವು. ಮೂರನೆಯ ಜ್ವರ.

ಅದೇ ಕ್ಷಣದಲ್ಲಿ ದೇವರ ತಟ್ಟೆಯ ಸದ್ದೂ ನಿಂತಿತು.

ಅಮೀರ್‌ಜಾನನ ಕೈಯಲ್ಲಿದ್ದ ಬಟ್ಟಲು ಹಾಗೆಯೇ ಉಳಿಯಿತು. ನಳಿನಾಕ್ಷಿ ಒಂದು ತಟ್ಟೆಯಿಂದ ಇನ್ನೊಂದಕ್ಕೆ ನೋಡಿದರು. ಬಿದಿರಿನ ತಟ್ಟೆಯಲ್ಲಿಯೂ ಸಾಲು ಸಾಲಾಗಿ ಎತ್ತಿದ ತಲೆಗಳು, ಒಂದೇ ಕಡೆಗೆ, ಒಂದೇ ಎತ್ತರಕ್ಕೆ. ಯಾರೂ ಹೇಳಬೇಕಾಗಿರಲಿಲ್ಲ. ಮರಿಗಂಗಯ್ಯನವರು ಕಣ್ಣು ತೆರೆಯದೆಯೇ ಎಲ್ಲವನ್ನೂ ತಿಳಿದರು.

"ಇಂದ್ರಾಣಿ," ಎಂದರು.

ಅವಳು ನೆಲಕ್ಕೆ ಕುಸಿದಳು. "ಇರುವೆ ಬಂದಿದ್ವು ಮಾವ. ನೀವು ಅತ್ತೆ ತಿಥಿಗೆ ಹೋಗಿದ್ರಲ್ಲ, ಆವಾಗ. ತಟ್ಟೆ ಸ್ಟ್ಯಾಂಡಿನ ಕಾಲಿಗೆ ಇಟ್ಟಿರೋ ಬಟ್ಟಲಿಗೆ ನೀರು ಹಾಕೋದು ಮರ್ತೆ. ಒಂದು ಹೊತ್ತು ಮಾವ, ಒಂದೇ ಹೊತ್ತು. ಬೆಳಿಗ್ಗೆ ನೋಡಿದ್ರೆ ತಟ್ಟೆ ತುಂಬ ಕೆಂಪಿರುವೆ. ಆವಾಗ ತಾನೆ ಮೊಟ್ಟೆ ಒಡೆದು ಬಂದಿದ್ದ ಹುಳ..."

"ಹಾಳೆಯಲ್ಲಿ ಮೊಟ್ಟೆ?"

"ಎಲ್ಲಾ ಒಡೆದಿದ್ವು. ಒಂದೂ ಮಿಕ್ಕಿರಲಿಲ್ಲ." ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ಅತ್ತೆ ಪಿಂಡ ಹೊಳೇಗೆ ಬಿಟ್ಟು ನೀವು ಬರ್ತಾ ಇದ್ರಿ. ಬಂದ ತಕ್ಷಣ ಆ ಸದ್ದು ಕೇಳಕ್ಕೆ ಕೂತ್ಕೋತೀರ ಅಂತ ಗೊತ್ತಿತ್ತು. ಸದ್ದೇ ಇಲ್ದಿದ್ರೆ ನಿಮ್ಗೆ ಏನಂತ ಹೇಳ್ಲಿ? ಮರಿ ಹುಳ ಮಾರೋ ಕೇಂದ್ರಕ್ಕೆ ಓಡಿ, ಅಷ್ಟೇ ದಿನದ ಒಂಟಿತಾಯಿ ತಂದು ಸುರಿದೆ."

ಹೊರಗೆ ಗೇಟಿನ ಹತ್ತಿರ ಊರಿನ ಜನ ಕಾಯುತ್ತಿದ್ದುದು ಕಿಟಕಿಯಿಂದ ಕಾಣುತ್ತಿತ್ತು.

ಮರಿಗಂಗಯ್ಯನವರು ತಟ್ಟನೆ ಕೈಯೆತ್ತಿದರು. "ತಡೀರಿ."

ಎಷ್ಟು ಸಣ್ಣ ಸದ್ದೆಂದರೆ ಉಳಿದವರು ಉಸಿರು ಬಿಗಿಹಿಡಿದ ಮೇಲೆಯೇ ಅದು ಕೇಳಿಸಿತು. ದೇವರ ತಟ್ಟೆಯ ಮೂಲೆಯಲ್ಲಿ, ಮಲಗಿದ ಹುಳುಗಳ ನಡುವೆ, ಒಂದು ಇನ್ನೂ ಮೇಯುತ್ತಿತ್ತು. ಉಳಿದವುಗಳಿಗಿಂತ ಸಣ್ಣದು, ಸ್ವಲ್ಪ ಮಾಸಲು ಬಣ್ಣದ್ದು. ಎಲೆಯ ಅಂಚನ್ನು ನಿಧಾನವಾಗಿ, ತನ್ನ ಪಾಡಿಗೆ, ಯಾರ ಗಡಿಯಾರದ ಹಂಗೂ ಇಲ್ಲದೆ ಕತ್ತರಿಸುತ್ತಿತ್ತು.

"ಒಂದು ಬದುಕಿತ್ತು ಮಾವ," ಎಂದಳು ಇಂದ್ರಾಣಿ. "ಎಲೆ ಮಡಿಕೆ ಒಳಗೆ ಸಿಕ್ಕೊಂಡಿತ್ತು. ಅದನ್ನೂ ಇದರಲ್ಲೇ ಬಿಟ್ಟೆ. ಅದೊಂದು ಅತ್ತೇದು."

*

ಆ ಹುಳುವನ್ನು ಬೇರೆ ಪೆಟ್ಟಿಗೆಯಲ್ಲಿಟ್ಟರು. ಅದು ಮರುದಿನ ಮಧ್ಯಾಹ್ನ ತನಗೆ ತೋಚಿದಾಗ ಮಲಗಿತು, ತನಗೆ ತೋಚಿದಾಗ ಎದ್ದಿತು. ನಾಲ್ಕನೆಯ ಜ್ವರ ಕಳೆದ ಮೇಲೆ ಹುಳುವಿನ ಹೊಟ್ಟೆಯ ಕೆಳಗೆ, ಬಾಲದ ಬಳಿ, ಗಂಡು ಹೆಣ್ಣಿನ ಗುರುತು ಕಾಣುತ್ತದೆ. ಗಂಡಾದರೆ ನಡುವೆ ಒಂದು ಚುಕ್ಕೆ, ಹೆಣ್ಣಾದರೆ ಹಾಲಿನ ಬಣ್ಣದ ನಾಲ್ಕು ಚುಕ್ಕೆ. ಅದಕ್ಕಾಗಿ ಏಳು ದಿನ ಕಾದರು. ಆ ಏಳು ದಿನ ಮರಿಗಂಗಯ್ಯನವರು ಒಂದೇ ಹೊತ್ತು ಉಂಡರು. ಸೊಸೆಯನ್ನು ಬೈಯಲಿಲ್ಲ. "ಮೂವತ್ತೆಂಟು ವರ್ಷ ಪರೀಕ್ಷೆ ಮಾಡಿದ ಕೈ. ಸಮನಾಗಿ ಬೆಳೀತಾ ಐತೆ ಅಂತ ತಿಳಿದಾಗಲೇ ಸಂಶಯ ಬರಬೇಕಿತ್ತು. ದುಃಖದಾಗೆ ನಂಗೆ ಅದು ದೇವರ ಕೃಪೆ ಥರ ಕಾಣ್ತು," ಎಂದರು.

ಬೀಗ ತೆಗೆದ ಹಳೆಯ ಕೋಣೆಯಲ್ಲಿ, ಹಳೆಯ ಸೂಕ್ಷ್ಮದರ್ಶಕದ ಕೆಳಗೆ ನಳಿನಾಕ್ಷಿ ಹುಳುವನ್ನು ಮಗುಚಿ ಹಿಡಿದರು. ನೋಡಿ, ಕಣ್ಣು ಸರಿಸಿ, ಮತ್ತೆ ನೋಡಿದರು.

"ಎಷ್ಟು ಚುಕ್ಕೆ?" ಎಂದು ಮರಿಗಂಗಯ್ಯನವರು ಕೇಳಿದರು.

"ನಾಲ್ಕು," ಎಂದರು ಆಕೆ.

ಅಮೀರ್‌ಜಾನ್ ತೊಳೆದಿಟ್ಟಿದ್ದ ಬಟ್ಟಲುಗಳನ್ನು ಒಂದೊಂದಾಗಿ ಕವುಚಿಟ್ಟು ಹೊರಗೆ ಹೋದ.

ಹೆಣ್ಣು ಹುಳು ಗೂಡು ಕಟ್ಟಿತು. ಗಾಜಿನ ಪೆಟ್ಟಿಗೆಯ ಹುಳುಗಳೂ ಕಟ್ಟಿದವು, ಅವೂ ಹೆಣ್ಣು. ಗೂಡಿನಿಂದ ಚಿಟ್ಟೆ ಹೊರಬರಲು ಬೇಕಾದ ಹತ್ತು ಹನ್ನೊಂದು ದಿನಗಳಲ್ಲಿ ಮರಿಗಂಗಯ್ಯನವರು ನಾಲ್ಕು ತಾಲ್ಲೂಕಿಗೂ ಮಾತು ಕಳುಹಿಸಿದರು. ದೇವರ ತಟ್ಟೆ ಯಾರಾದರೂ ಮುಚ್ಚಿಟ್ಟಿದ್ದರೆ ಭಯಪಡದೆ ತನ್ನಿ, ಮಂಡಳಿಯವರು ಏನೂ ಮಾಡುವುದಿಲ್ಲ. ಒಂದು ಗಂಡು ಸಾಕು. ಅಮೀರ್‌ಜಾನ್ ಮಸೀದಿಯ ಧ್ವನಿವರ್ಧಕದಲ್ಲಿ ಹೇಳಿಸಿದ, ಇಂದ್ರಾಣಿ ಸಂತೆಯಿಂದ ಸಂತೆಗೆ ಹೋಗಿ ಹೆಂಗಸರ ಕಿವಿಯಲ್ಲಿ ಹೇಳಿಬಂದಳು. ಮುದುಕಿಯರು ತಲೆಯಾಡಿಸಿದರು. ಇತ್ತು, ನಮ್ಮತ್ತೆಯ ಕಾಲದಲ್ಲಿ ಇತ್ತು. ಈಗ ಯಾರಿಗೆ ಪುರುಸೊತ್ತು?

ಹನ್ನೊಂದನೆಯ ದಿನ ಬೆಳಿಗ್ಗೆ ಹೊನ್ನಕ್ಕನ ಗೂಡು ಒದ್ದೆಯಾಗಿ ತೆರೆಯಿತು. ಬಿಳಿಯ ಹೆಣ್ಣು ಚಿಟ್ಟೆ ಹೊರಬಂದು, ರೆಕ್ಕೆ ಒಣಗಿಸಿಕೊಂಡು, ಹೊಟ್ಟೆಯ ತುದಿಯನ್ನು ಎತ್ತಿ ನಿಂತಿತು. ಹೆಣ್ಣು ಹೀಗೆ ನಿಂತಾಗ ನಮ್ಮ ಮೂಗಿಗೆ ತಿಳಿಯದ ಒಂದು ವಾಸನೆ ಗಾಳಿಗೆ ಹೋಗುತ್ತದೆ. ಗಂಡು ಅದನ್ನು ಹಿಡಿದು ಬರುತ್ತದೆ. ಅದು ಕರೆಯುತ್ತಿತ್ತು. ನಾಲ್ಕು ತಾಲ್ಲೂಕಿನಲ್ಲಿ ಕೇಳುವವರಿರಲಿಲ್ಲ.

"ಇವತ್ತೇ ಮೊಟ್ಟೆ ಬಿಡಿಸಬೇಕು ಗಂಗಯ್ಯನವರೇ," ಎಂದು ನಳಿನಾಕ್ಷಿ ಮೆಲ್ಲಗೆ ಹೇಳಿದರು. "ನಾಳೆಗೆ ಹಳಸುತ್ತೆ. ಈ ತಳಿ ಉಳಿಯಬೇಕಾದರೆ ನನಗೆ ಗೊತ್ತಿರೋ ದಾರಿ ಒಂದೇ."

"ಬಿಸಿನೀರು."

"ಹೂಂ. ನಲವತ್ತಾರು ಡಿಗ್ರಿ. ನಾನೂರು ಮಕ್ಕಳು ಹುಟ್ಟುತ್ತವೆ. ಎಲ್ಲಾ ಹೆಣ್ಣು, ಎಲ್ಲಾ ಇದರ ಹಾಗೇ. ಇದಕ್ಕೆ ಸಪ್ಪೆರೋಗ ತಡೆಯೋ ಶಕ್ತಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಅದನ್ನ ತಡೆದರೂ ಇನ್ನೊಂದನ್ನ ತಡೆಯುತ್ತೋ ಇಲ್ಲವೋ."

"ಇನ್ನೊಂದು ಒಂಟಿತಾಯಿ."

ಆಕೆ ಉಷ್ಣಮಾಪಕವನ್ನು ಒರೆಸಿ ಮೇಜಿನ ಮೇಲಿಟ್ಟರು.

"ಸಾಯಂಕಾಲದ ಬಸ್ಸು ಬರೋ ತನಕ ಬಿಡಮ್ಮ," ಎಂದರು ಮರಿಗಂಗಯ್ಯನವರು. "ಯಾರಾದ್ರೂ ತರಬಹುದು."

ಕಿಟಕಿಯ ಬಳಿ ತಟ್ಟೆಯಿಟ್ಟು ಅವರು ಪಕ್ಕದಲ್ಲಿ ಕುಳಿತರು. ಚಿಟ್ಟೆ ಇಡೀ ದಿನ ಕದಲದೆ ಕರೆಯಿತು. ರೇಷ್ಮೆಯ ಚಿಟ್ಟೆಗೆ ಬಾಯಿಯಿದ್ದೂ ಉಣ್ಣಲಾರದು, ರೆಕ್ಕೆಯಿದ್ದೂ ಹಾರಲಾರದು. ಅದು ಬದುಕುವುದೇ ಆ ಒಂದು ಕರೆಗಾಗಿ. ಅವರ ತುಟಿ ಅಲುಗುತ್ತಿತ್ತು. ಪ್ರಾರ್ಥನೆಯೋ, ಹೊನ್ನಕ್ಕನೊಡನೆ ಮಾತೋ, ಇಂದ್ರಾಣಿಗೆ ತಿಳಿಯಲಿಲ್ಲ. ಇಳಿಬಿಸಿಲಿನಲ್ಲಿ ಬಸ್ಸು ಬಂತು. ಗೇಟಿನ ಹತ್ತಿರ ನಿಂತಿತು. ಮೂವರು ಇಳಿದರು. ಒಬ್ಬಳ ಕಂಕುಳಲ್ಲಿ ಬುಟ್ಟಿಯಿತ್ತು. ಅಮೀರ್‌ಜಾನ್ ಓಡಿಹೋಗಿ ಮುಚ್ಚಳ ತೆಗೆಸಿದ. ಅಲ್ಲಿಂದಲೇ ಕೈಯಾಡಿಸಿದ. ಬದನೆಕಾಯಿ.

ಬಸ್ಸು ಹೊರಟುಹೋಯಿತು. ರಸ್ತೆಯ ಧೂಳು ಕೂತಿತು. ಚಿಟ್ಟೆ ಇನ್ನೂ ಹೊಟ್ಟೆಯೆತ್ತಿ ನಿಂತಿತ್ತು.

ಮರಿಗಂಗಯ್ಯನವರು ಎದ್ದರು. ಚಿಟ್ಟೆಯನ್ನು ಬೆರಳ ಮೇಲೆ ಹತ್ತಿಸಿಕೊಂಡು ಮೇಜಿನ ಬಳಿ ಬಂದು, ಮೂವತ್ತೆಂಟು ವರ್ಷ ಹೇಳಿದ ಮಾತನ್ನು ಹೇಳಿದರು. "ತಪ್ಪಾಯ್ತು ತಾಯಿ."

ಆಮೇಲೆ ನಳಿನಾಕ್ಷಿಯ ಕಡೆ ನೋಡದೆ ಕೇಳಿದರು:

"ನೀರು ಕಾದೈತೇನಮ್ಮ?"